ಹಳೆ ಪಿಕಪ್‌ನ ಡ್ರಮ್ ಬ್ರೇಕ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ವರ್ಷಗಟ್ಟಲೆ ತರಕಾರಿ, ಸಿಮೆಂಟು ಹೊತ್ತು ಓಡಿದ ಬೊಲೆರೊ ಪಿಕಪ್‌ನ ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕ್. ಪೆಡಲ್ ಆಳಕ್ಕೆ ಹೋಗುತ್ತಿದೆ, ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ ಅಂದಕೂಡಲೇ ಎಷ್ಟೋ ಜನ ಹೊಸ ಶೂ (ಡ್ರಮ್‌ಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಕಮಾನಿನಾಕಾರದ ಭಾಗ) ತಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಡ್ರಮ್ ಬಿಚ್ಚದೆ ಖರ್ಚಿನ ಲೆಕ್ಕ ಸಿಗುವುದಿಲ್ಲ.

ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಹಾಕಿ. ಹ್ಯಾಂಡ್ ಬ್ರೇಕ್ ಇಳಿಸಿ ಡ್ರಮ್ ಎಳೆಯಿರಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ, ಶೂ ಮೇಲಿನ ಸವೆಯುವ ಪದರ, ಅಂದರೆ ಲೈನರ್, ಹಳೆಯದಾದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಮೊದಲು ನೋಡಬೇಕಾದ್ದು ಸೋರಿಕೆ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಮೆಲ್ಲಗೆ ಎತ್ತಿ. ಒಳಗೆ ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಸಿಲಿಂಡರ್‌ನ ಒಳಮೈ ನುಣುಪಾಗಿದ್ದರೆ ರಬ್ಬರ್ ಕಿಟ್ ಸಾಕು, ಅದು ಅಗ್ಗ. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ. ಇಲ್ಲದಿದ್ದರೆ ಮತ್ತೆ ಸೋರುತ್ತದೆ, ಅದೇ ಕೂಲಿ ಎರಡು ಸಲ ಕೊಡಬೇಕಾಗುತ್ತದೆ. ಗೇರ್ ಆಯಿಲ್ ವಾಸನೆ ಬಂದರೆ ಆಕ್ಸೆಲ್ ಸೀಲ್ ಹೋಗಿದೆ ಎಂದರ್ಥ. ಸೀಲಿನ ಬೆಲೆ ಚಿಕ್ಕದು, ಆಕ್ಸೆಲ್ ಎಳೆಯುವ ಕೂಲಿಯೇ ಜಾಸ್ತಿ. ಆದರೂ ಮಾಡಿಸಿ. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ.

ಬಿಲ್ಲು ಏರುವುದು ಡ್ರಮ್‌ನಿಂದ. ಗೀರು ಬಿದ್ದಿದ್ದರೆ ಲೇತ್‌ಗೆ ಹಾಕಿಸಿ ಸಾಫ್ ಮಾಡಿಸಬಹುದು, ಆದರೆ ಡ್ರಮ್ ಮೇಲೆ ಅಚ್ಚಾಗಿರುವ ಗರಿಷ್ಠ ಅಳತೆ ದಾಟಬಾರದು. ಬಿರುಕಿದ್ದರೆ ಹೊಸದೇ ಬೇಕು. ಶೂಗಳ ಕಬ್ಬಿಣ ನೆಟ್ಟಗಿದ್ದರೆ ಹಳೆಯದಕ್ಕೇ ಲೈನರ್ ಹೊಡೆಸಬಹುದು, ಹೊಸ ಸೆಟ್‌ಗಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಘಾಟಿಯಲ್ಲಿ ಲೋಡ್ ಇಳಿಸುವ ಗಾಡಿಯಾದರೆ ಮಾತ್ರ ನಾನು ಹೊಸ ಸೆಟ್ಟನ್ನೇ ಹೇಳುತ್ತೇನೆ. ಸ್ಪ್ರಿಂಗ್‌ಗಳನ್ನೂ ಬದಲಿಸಿ, ಅದರಲ್ಲಿ ದುಡ್ಡು ಉಳಿಸಲು ಏನೂ ಇಲ್ಲ. ಏನೇ ಹಾಕಿದರೂ ಎರಡೂ ಕಡೆ ಒಟ್ಟಿಗೆ ಹಾಕಬೇಕು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆ ಕೊಟೇಷನ್ ಇದ್ದರೆ ಮತ್ತೆ ಕೇಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ಬಿಲ್ಲು ಕೇಳಿ ತನ್ನಿ.

ಜೋಡಿಸುವಾಗ ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿ. ಸ್ಪ್ರಿಂಗ್ ಯಾವ ತೂತಿಗೆ ಎಂದು ಗೊಂದಲವಾದರೆ ನೋಡಿಕೊಳ್ಳಲು ಒಂದು ಮಾದರಿ ಇರುತ್ತದೆ, ಅಲ್ವಾ? ಬ್ರೇಕ್ ಆಯಿಲ್ ತೇವ ಹೀರುತ್ತದೆ, ಹಾಗಾಗಿ ಸೀಲ್ ಒಡೆಯದ ಬಾಟಲಿಯೇ ಬೇಕು. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT) ದರ್ಜೆಯ ಆಯಿಲನ್ನೇ ಹಾಕಿ, ಪೈಪಿನೊಳಗೆ ಸೇರಿದ ಏರ್ ತೆಗೆಯಿರಿ. ಆಮೇಲೆ ಶೂ ಅಡ್ಜಸ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡುವುದು ಕೊನೆಗೆ. ಖಾಲಿ ಗಾಡಿಯನ್ನು ನಿಧಾನಕ್ಕೆ ಓಡಿಸಿ ನೋಡಿ. ಪೆಡಲ್ ಗಟ್ಟಿಯಾಗಿ ನಿಲ್ಲುವ ತನಕ ಲೋಡ್ ಹಾಕಬೇಡಿ.