ಟೆಂಪರೇಚರ್ ಬದಲಾದ್ರೆ ಈಕ್ವಿಲಿಬ್ರಿಯಂ ಎಷ್ಟು ಬದಲಾಗುತ್ತೆ: ಬೋರಾಕ್ಸ್ ಇಟ್ಕೊಂಡು ನಾನು ಅಳೆದು ನೋಡಿದ್ದು

ಲೆ ಶಾಟ್ಲಿಯರ್ ತತ್ವ ಓದಿದವ್ರಿಗೆಲ್ಲ ಈ ಸಾಲು ಬಾಯಿಗೆ ಬಂದಿರುತ್ತೆ, ಶಾಖ ಹೀರೋ ರಿಯಾಕ್ಷನ್ ಆದ್ರೆ ಬಿಸಿ ಮಾಡಿದಾಗ ಮುಂದಕ್ಕೆ ಹೋಗುತ್ತೆ, ಶಾಖ ಬಿಡೋದಾದ್ರೆ ಹಿಂದಕ್ಕೆ ಬರುತ್ತೆ ಅಂತ. ಸರಿ, ಆದ್ರೆ ಎಷ್ಟು? ನಂಗೆ ಆ ಎಷ್ಟು ಅನ್ನೋದೇ ಬೇಕಾಗಿತ್ತು, ಯಾಕಂದ್ರೆ ಕಾನ್ಸಂಟ್ರೇಶನ್ ಬದಲಾಯಿಸಿ, ಪ್ರೆಶರ್ ಬದಲಾಯಿಸಿ, ಕ್ಯಾಟಲಿಸ್ಟ್ ಹಾಕಿ, ಈಕ್ವಿಲಿಬ್ರಿಯಂ (ಮುಂದಕ್ಕೂ ಹಿಂದಕ್ಕೂ ರಿಯಾಕ್ಷನ್ ಒಂದೇ ವೇಗದಲ್ಲಿ ನಡೆಯೋ ಸ್ಥಿತಿ) ಎಲ್ಲಿದೆ ಅಂತ ಹೇಳೋ ಕಾನ್‌ಸ್ಟಂಟ್ ಕೆ ಮಾತ್ರ ಇದ್ದಲ್ಲೇ ಇರುತ್ತೆ, ಟೆಂಪರೇಚರ್ ಮುಟ್ಟಿದ್ರೆ ಆ ಕೆ ಬೆಲೆನೇ ಬೇರೆ ಆಗುತ್ತೆ. ಶಾಖಾನೂ ಒಂದು ರಿಯಾಕ್ಟಂಟ್ ಅಂದ್ಕೊಳ್ಳಿ ಅಂತ ಹೇಳ್ಕೊಡೋದುಂಟು, ದಿಕ್ಕು ಕಂಡುಹಿಡಿಯೋಕೆ ಅದು ಸಾಕು, ಆದ್ರೆ ಈ ವ್ಯತ್ಯಾಸ ಅದ್ರಲ್ಲಿ ಮುಚ್ಚಿಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಕೋಬಾಲ್ಟ್ ಕ್ಲೋರೈಡ್ ಗುಲಾಬಿಯಿಂದ ನೀಲಿಗೆ ತಿರುಗೋ ಪ್ರಯೋಗ ನೋಡೋಕೆ ತುಂಬಾ ಚೆಂದ, ಆದ್ರೆ ಬಣ್ಣದಿಂದ ನಂಬರ್ ತೆಗೀಬೇಕಂದ್ರೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು. ಬೋರಾಕ್ಸ್‌ಗೆ ಬ್ಯೂರೆಟ್, ಪಿಪೆಟ್, ಥರ್ಮಾಮೀಟರ್ ಇದ್ರೆ ಆಯ್ತು. ನೀರಲ್ಲಿ ಕರಗಿದಾಗ ಅದು ಎರಡು ಸೋಡಿಯಂ ಅಯಾನು ಮತ್ತೆ ಒಂದು ಟೆಟ್ರಾಬೋರೇಟ್ ಅಯಾನು ಕೊಡುತ್ತೆ. ಆ ಬೋರೇಟ್ ಒಂದೊಂದೂ ಎರಡು ಹೈಡ್ರೋಜನ್ ಅಯಾನು ಹಿಡ್ಕೊಳ್ಳುತ್ತೆ, ಹಂಗಾಗಿ ಹೈಡ್ರೋಕ್ಲೋರಿಕ್ ಆಸಿಡ್ ಜೊತೆ ಟೈಟ್ರೇಟ್ ಮಾಡಿದ್ರೆ (ಬ್ಯೂರೆಟ್‌ನಿಂದ ಸ್ವಲ್ಪ ಸ್ವಲ್ಪ ಬಿಟ್ಟು ಎಷ್ಟು ಹಿಡೀತು ಅಂತ ನೋಡಿದ್ರೆ) ಎಷ್ಟು ಕರಗಿದೆ ಅಂತ ನೇರವಾಗಿ ಸಿಗುತ್ತೆ. ಇಲ್ಲಿ ಕೆ ಅಂದ್ರೆ ಸೋಡಿಯಂ ಕಾನ್ಸಂಟ್ರೇಶನ್‌ನ ಸ್ಕ್ವೇರ್ ಇಂಟು ಬೋರೇಟ್ ಕಾನ್ಸಂಟ್ರೇಶನ್. ಸೋಡಿಯಂ ಪ್ರಮಾಣ ಬೋರೇಟ್‌ನ ಎರಡರಷ್ಟು, ಆದ್ದರಿಂದ ಕೆ ಅಂದ್ರೆ ಬೋರೇಟ್ ಕಾನ್ಸಂಟ್ರೇಶನ್‌ನ ಕ್ಯೂಬ್ ಇಂಟು 4, ಅಷ್ಟೇ.

ಬೀಕರ್‌ನಲ್ಲಿ ಬೋರಾಕ್ಸ್ ಬೇಕಾದ್ದಕ್ಕಿಂತ ಜಾಸ್ತೀನೇ ಹಾಕಿ ವಾಟರ್ ಬಾತ್‌ನಲ್ಲಿಟ್ಟು ಕಲಕ್ತಾ ಇರಬೇಕು, ತಳದಲ್ಲಿ ಪುಡಿ ಉಳಿದಿರಲೇಬೇಕು, ಪೂರ್ತಿ ಕರಗಿಹೋದ್ರೆ ಅಲ್ಲಿ ಈಕ್ವಿಲಿಬ್ರಿಯಮ್ಮೇ ಇಲ್ಲ. ಆಮೇಲೆ ಕಲಕೋದು ನಿಲ್ಸಿ, ಟೆಂಪರೇಚರ್ ಕದಲದ ಹಾಗೆ ನೋಡ್ಕೊಂಡು, ಮೇಲಿನ ತಿಳಿಯಿಂದ 5 ಎಂಎಲ್ ತೆಗೀಬೇಕು. ಇಡೀ ಪ್ರಯೋಗದ ಜೀವ ಈ 5 ಎಂಎಲ್‌ನಲ್ಲೇ ಇರೋದು. 50 ಡಿಗ್ರಿ ದ್ರಾವಣಾನ ತಣ್ಣಗಿರೋ ಪಿಪೆಟ್‌ಗೆ ಎಳೆದ್ರೆ ಒಳಗೋಡೆ ಮೇಲೆ ಬಿಳಿ ಹರಳು ಕಟ್ಟೋಕೆ ಶುರುವಾಗುತ್ತೆ, ಮೊದಲು ತುದೀಲಿ ಮಬ್ಬು, ನೋಡ್ತಾ ನೋಡ್ತಾ ತುದಿನೇ ಕಟ್ಕೊಳ್ಳುತ್ತೆ, ಅಲ್ಲಿ ಉಳಿದ ಬೋರಾಕ್ಸ್ ಎಲ್ಲ ಲೆಕ್ಕದಿಂದ ಹೊರಗೆ. ಅದಕ್ಕೆ ನಾನು ಪಿಪೆಟ್‌ನ ಬಿಸಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಾಯಿಸಿ, ಒರೆಸಿ, ಅದೇ ದ್ರಾವಣದಲ್ಲಿ ಒಂದ್ಸಲ ತೊಳೆದು ಆಮೇಲೆ ಎಳ್ಕೊಳ್ತೀನಿ, ಫ್ಲಾಸ್ಕ್‌ಗೆ ಬಿಟ್ಟ ಮೇಲೆ ಬಿಸಿನೀರಲ್ಲಿ ಪಿಪೆಟ್ ತೊಳೆದು ಆ ನೀರನ್ನೂ ಅದೇ ಫ್ಲಾಸ್ಕ್‌ಗೆ ಸೇರಿಸ್ತೀನಿ. ಇಂಡಿಕೇಟರ್ ಬ್ರೋಮೋಕ್ರೆಸಾಲ್ ಗ್ರೀನ್, ನೀಲಿ ಹೋಗಿ ಹಳದಿ ಬಂದಾಗ ನಿಲ್ಸೋದು.

ಆಸಿಡ್ 0.2 ಮೋಲಾರ್ ಇದ್ರೆ 20 ಡಿಗ್ರೀಲಿ ಹತ್ತತ್ರ 6 ಎಂಎಲ್ ಚಿಲ್ಲರೆ ಹಿಡಿಯುತ್ತೆ, 50 ಡಿಗ್ರೀಲಿ 25ರ ಆಸುಪಾಸು. ಅಂದ್ರೆ ಕರಗಿದ್ದು ಸುಮಾರು ನಾಲ್ಕು ಪಟ್ಟು. ಆದ್ರೆ ಕೆ ಹೋಗೋದು ಕ್ಯೂಬ್‌ನಲ್ಲಿ ಅಲ್ವಾ, 0.008 ಇದ್ದಿದ್ದು 0.5 ಹತ್ತಿರ ಬಂದು ನಿಲ್ಲುತ್ತೆ, ಅರವತ್ತು ಪಟ್ಟಿಗಿಂತ ಜಾಸ್ತಿ, ಬರೀ 30 ಡಿಗ್ರಿ ಏರಿದ್ದಕ್ಕೆ! ಆ ಸಂಖ್ಯೆ ಕೈಗೆ ಬಂದಾಗ ಆದ ಖುಷಿ ಬೇರೆ ಥರದ್ದು.

1884ರಲ್ಲಿ ವಾಂಟ್ ಹಾಫ್ ಕೊಟ್ಟ ಸಮೀಕರಣದ ಪ್ರಕಾರ ಕೆ ಬೆಲೆಯ ನ್ಯಾಚುರಲ್ ಲಾಗ್‌ನ, ಕೆಲ್ವಿನ್ ಟೆಂಪರೇಚರ್‌ನಿಂದ 1ನ್ನ ಭಾಗಿಸಿ ಬಂದ ಸಂಖ್ಯೆ ಎದುರು ಗ್ರಾಫ್ ಹಾಕಿದ್ರೆ ನೇರ ಗೆರೆ ಬರಬೇಕು. ಬರುತ್ತೆ. ಅದರ ಇಳಿಜಾರನ್ನ ಮೈನಸ್ 8.314ರಿಂದ (ಗ್ಯಾಸ್ ಕಾನ್‌ಸ್ಟಂಟ್) ಗುಣಿಸಿದ್ರೆ ಕರಗೋದಕ್ಕೆ ಬೇಕಾದ ಎಂಥಾಲ್ಪಿ, ಅಂದ್ರೆ ಶಾಖ, ಮೋಲ್‌ಗೆ ಸುಮಾರು 110 ಕಿಲೋಜೂಲ್. ಒಂದು ಕ್ಯಾಲೋರಿಮೀಟರ್ ಕೂಡ ಮುಟ್ಟದೆ, ಬರೀ ಟೈಟ್ರೇಶನ್‌ನಿಂದ! ದ್ರಾವಣ ಸ್ವಲ್ಪ ಗಟ್ಟಿ ಇರೋದ್ರಿಂದ ಕಾನ್ಸಂಟ್ರೇಶನ್ ಬದ್ಲು ಆಕ್ಟಿವಿಟಿ (ಅಯಾನುಗಳ ಪರಿಣಾಮಕಾರಿ ಕಾನ್ಸಂಟ್ರೇಶನ್) ಹಾಕಬೇಕು ನಿಜ, ಆದ್ರೂ ಗೆರೆ ಹಾಳಾಗೋಲ್ಲ.

ಎರಡು ವಿಷಯ ಗಮನದಲ್ಲಿರ್ಲಿ. 60 ಡಿಗ್ರಿ ಹತ್ತಿರ ಹೋಗ್ಬೇಡಿ, ಅಲ್ಲಿ ತಳದಲ್ಲಿರೋ ಡೆಕಾಹೈಡ್ರೇಟ್ (ಹರಳಲ್ಲಿ 10 ನೀರಿನ ಅಣು ಇರೋ ಬೋರಾಕ್ಸ್) ನೀರು ಕಳ್ಕೊಂಡು ಪೆಂಟಾಹೈಡ್ರೇಟ್ (5 ಅಣು ಇರೋದು) ಆಗೋಕೆ ಹೊರಡುತ್ತೆ, ಘನವಸ್ತುನೇ ಬೇರೆ ಆದ್ಮೇಲೆ ಅದು ಬೇರೆ ಈಕ್ವಿಲಿಬ್ರಿಯಂ, ಗೆರೆ ಬಾಗುತ್ತೆ. ಇನ್ನೊಂದು, ಒಂದೇ ಟೆಂಪರೇಚರ್‌ಗೆ ಕೆಳಗಿಂದ ಕಾಯಿಸ್ಕೊಂಡೂ ಬನ್ನಿ, ಮೇಲಿಂದ ಆರಿಸ್ಕೊಂಡೂ ಬನ್ನಿ, ಎರಡೂ ಕಡೆ ಒಂದೇ ರೀಡಿಂಗ್ ಬಂದ್ರೆ ಮಾತ್ರ ನಿಜವಾಗ್ಲೂ ಈಕ್ವಿಲಿಬ್ರಿಯಂ ತಲುಪಿದೆ ಅಂತ ಅರ್ಥ. ಮೇಲಿಂದ ಬಂದಾಗ ಜಾಸ್ತಿ ತೋರಿಸಿದ್ರೆ ಇನ್ನೂ ಹರಳು ಬೀಳೋದು ಬಾಕಿ ಇದೆ, ಕಲಕ್ತಾ ಕಾಯಬೇಕು.

ಇದಾದ್ಮೇಲೆ ಅದೇ 20 ಡಿಗ್ರೀಲಿ ಸ್ವಲ್ಪ ಸೋಡಿಯಂ ಕ್ಲೋರೈಡ್ ಹಾಕಿ ನೋಡಿ. ಬೋರೇಟ್ ಕಮ್ಮಿ ಆಗುತ್ತೆ, ಆದ್ರೆ ಸೋಡಿಯಂ ಜಾಸ್ತಿ ಆಗಿರೋದ್ರಿಂದ ಗುಣಲಬ್ಧ ಹೆಚ್ಚುಕಮ್ಮಿ ಹಳೇ ಕೆ ಹತ್ರಾನೇ ಬರುತ್ತೆ. ಉಪ್ಪು ಹಾಕಿದಾಗ ಕೆ ಉಳಿಸ್ಕೊಳ್ಳೋಕೆ ಕಾನ್ಸಂಟ್ರೇಶನ್‌ಗಳು ಹೊಂದ್ಕೊಂಡ್ವು, ಬಿಸಿ ಮಾಡಿದಾಗ ಕೆನೇ ಹೊಸದು.

ಬಿಸಿ ಮಾಡಿದ್ರೆ ಯಾವ್ದಾದ್ರೂ ಜಾಸ್ತಿ ಕರಗುತ್ತೆ ಅಂತ ಇಷ್ಟರಿಂದ ತೀರ್ಮಾನಕ್ಕೆ ಬರಬಾರದು, ಅದಕ್ಕೇ ನಾನು ಬೋರಾಕ್ಸ್ ಪಕ್ಕದಲ್ಲೇ ಸುಣ್ಣದ ತಿಳಿನೀರು ಇಡೋದು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗುವಾಗ ಶಾಖ ಬಿಡುತ್ತೆ, 20 ಡಿಗ್ರೀಲಿ ಲೀಟರ್‌ಗೆ ಸುಮಾರು 1.7 ಗ್ರಾಂ ಕರಗೋದು 100 ಡಿಗ್ರೀಲಿ 0.7ರ ಹತ್ತಿರಕ್ಕೆ ಇಳಿಯುತ್ತೆ, ಗ್ರಾಫ್‌ನ ಗೆರೆ ಬೋರಾಕ್ಸ್‌ಗೆ ಪೂರ್ತಿ ಉಲ್ಟಾ ದಿಕ್ಕಿಗೆ ವಾಲುತ್ತೆ. ಸ್ಫಟಿಕದಂಥ ತಿಳಿನೀರು ಕುದಿ ಹತ್ರ ಬಂದಾಗ ತಾನೇ ತಾನಾಗಿ ಮಬ್ಬಾಗುತ್ತೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿದ್ರೂ ಮಬ್ಬಾಗುತ್ತೆ, ಆದ್ದರಿಂದ ಮುಚ್ಚಿಟ್ಟು ಕಾಯಿಸಿ, ಆಮೇಲೆ ಆರಿಸಿ ಚೆನ್ನಾಗಿ ಕುಲುಕಿ: ಹೈಡ್ರಾಕ್ಸೈಡ್ ಆಗಿದ್ರೆ ಮತ್ತೆ ಕರಗಿ ತಿಳಿಯಾಗುತ್ತೆ, ಕಾರ್ಬೋನೇಟ್ ಆಗಿದ್ರೆ ಹಂಗೇ ಉಳಿಯುತ್ತೆ.