ರೊಟ್ಟಿ ಬಿಟ್ಟು ಗಂಜಿ ಹಿಡಿದವರು

ಯಾದಗಿರಿ ಕಡೆಯ ಒಂದು ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. "ಊಟ ಹೆಂಗದ?" ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಚಲೋ ಅದರೀ." ಅದಕ್ಕೇ ನಾನು "ರೊಟ್ಟಿ ಇಳೀತದಾ?" ಅಂತ ಕೇಳುತ್ತೇನೆ. ಆಗ ನಿಜ ಹೊರಬೀಳುತ್ತದೆ. "ಇಲ್ರೀ ಅಕ್ಕಾ, ಗಂಜಿ ಕುಡಿಲಾಕತ್ತೀನಿ. ನುಂಗಿದ್ರ ಎದಿಯಾಗ ಸಿಕ್ಕೊಂಡಂಗ ಆಗ್ತದ."

ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟರು ಅಂದರೆ ನಮ್ಮ ಭಾಗದಲ್ಲಿ ಅದು ಸಣ್ಣ ಸುದ್ದಿಯಲ್ಲ. ಮನೆಯವರು ಮಾತ್ರ ಗ್ಯಾಸ್ ಅಂದುಕೊಂಡಿರುತ್ತಾರೆ. ಮೆಡಿಕಲ್ ಶಾಪಿನಿಂದ ಆಂಟಾಸಿಡ್ ಬಾಟಲಿ ಬಂದಿರುತ್ತದೆ. ಇಲ್ಲೇ ನನಗೆ ಜಾಸ್ತಿ ಚಿಂತೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಂಟಾಸಿಡ್ ಜೊತೆಗೆ ತೆಗೆದುಕೊಂಡರೆ ಎಚ್‌ಐವಿ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಚ್‌ಐವಿ ಗುಳಿಗೆ ನುಂಗಿ 2 ಗಂಟೆ ಆದ ಮೇಲೆ ಆಂಟಾಸಿಡ್ ಕುಡಿಯಬಹುದು. ಆಂಟಾಸಿಡ್ ಮೊದಲು ಕುಡಿದಿದ್ದರೆ ಗುಳಿಗೆಗೆ 6 ಗಂಟೆ ಕಾಯಬೇಕು.

ಆಮೇಲೆ ಟಾರ್ಚ್ ಹಿಡಿದು ಬಾಯಿ ನೋಡುತ್ತೇನೆ. ನಾಲಿಗೆ, ಅಂಗುಳದ ಮೇಲೆ ಬಿಳಿ ಪದರ ಇದ್ದು, ನುಂಗಲು ನೋವೂ ಇದ್ದರೆ ಅನ್ನನಾಳಕ್ಕೂ ಕ್ಯಾಂಡಿಡಾ ಎಂಬ ಶಿಲೀಂಧ್ರ ಇಳಿದಿರುವ ಸಂಭವ ಹೆಚ್ಚು. ಬಾಯಿ ಸ್ವಚ್ಛ ಇದೆ ಅಂತ ಸುಮ್ನೆ ಕಳಿಸುವಂತಿಲ್ಲ, ಅನ್ನನಾಳದಲ್ಲಿ ಮಾತ್ರವೂ ಇರುತ್ತದೆ. ಎರಡೂ ಸಂದರ್ಭದಲ್ಲಿ ಅವತ್ತೇ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಈ ಶಿಲೀಂಧ್ರ ಎಷ್ಟೋ ಆರೋಗ್ಯವಂತರ ಬಾಯಲ್ಲೂ ಇರುತ್ತದೆ. ಅದನ್ನು ಹತೋಟಿಯಲ್ಲಿ ಇಡುವುದು ಸಿಡಿ4 ಎಂಬ ರೋಗನಿರೋಧಕ ಬಿಳಿ ರಕ್ತಕಣಗಳು. ಅವು ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ, ಅದರಲ್ಲೂ 100ಕ್ಕಿಂತ ಕೆಳಗೆ ಬಂದಾಗ ಅದು ಕೆಳಗಿಳಿಯುತ್ತದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್, ಪದೇಪದೇ ಆಂಟಿಬಯೋಟಿಕ್, ತಂಬಾಕು ಇದಕ್ಕೆ ದಾರಿ ಮಾಡಿಕೊಡುತ್ತವೆ. ಅವನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಬಾಯಿಗೆ ಹಚ್ಚುವ ಔಷಧ ಅನ್ನನಾಳಕ್ಕೆ ಸಾಲದು. ಡಾಕ್ಟರ್ ಸಾಮಾನ್ಯವಾಗಿ ಫ್ಲುಕೊನಜೋಲ್ ಎಂಬ ಶಿಲೀಂಧ್ರ ನಾಶಕ ಗುಳಿಗೆ ಬರೆಯುತ್ತಾರೆ, 14ರಿಂದ 21 ದಿನ. ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ, ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ! ಕೋರ್ಸ್ ಮುಗಿಸಲೇಬೇಕು. ಒಂದು ವಾರವಾದರೂ ಕಡಿಮೆ ಆಗದಿದ್ದರೆ ಎಂಡೋಸ್ಕೋಪಿ, ಅಂದರೆ ಕೊಳವೆ ಇಳಿಸಿ ಅನ್ನನಾಳ ನೋಡುವುದು. ಸೈಟೊಮೆಗಲೊ ವೈರಸ್, ಹರ್ಪಿಸ್ ಕೂಡ ಅಲ್ಲಿ ಹುಣ್ಣು ಮಾಡುತ್ತವೆ, ಅವುಗಳ ಔಷಧವೇ ಬೇರೆ. ಟಿಬಿಗೆ ರಿಫಾಂಪಿಸಿನ್ ನಡೆದಿದ್ದರೆ ಡಾಕ್ಟರಿಗೆ ಹೇಳಿಯೇ ಹೇಳಿ ಅಂತೇನೆ. ಅದು ಫ್ಲುಕೊನಜೋಲ್, ಡೊಲುಟೆಗ್ರಾವಿರ್ ಎರಡರ ಬಲವನ್ನೂ ತಗ್ಗಿಸುತ್ತದೆ.

ಇಷ್ಟಾದರೂ ಎಆರ್‌ಟಿ ನಿಂತಿದ್ದರೆ ಇದು ಮತ್ತೆ ಬರುತ್ತದೆ. ನಮ್ಮಲ್ಲಿ ಗುಳಿಗೆ ನಿಲ್ಲುವುದಕ್ಕೆ ಗುಳೆಯೇ ದೊಡ್ಡ ಕಾರಣ ಅಂತ ನನಗನಿಸುತ್ತದೆ. ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಗುಳಿಗೆ ಮುಗಿಯುತ್ತವೆ, ಮೇಸ್ತ್ರಿಗೆ ರಜೆ ಕೇಳಲು ಭಯ. "ಯಾಕ ಬಿಟ್ಟಿ?" ಅಂತ ಗದರಿದರೆ ಅವರು ಮುಂದಿನ ಸಲ ಬರುವುದೇ ಇಲ್ಲ. "ಯಾವಾಗಿಂದ ನಿಂತಾವ ಅಣ್ಣಾ?" ಅಂತ ಕೇಳಿದರೆ ಹೇಳುತ್ತಾರೆ. ಸುಗ್ಗಿ ಮುಗಿಯುತ್ತಲೇ "ಈ ಸಲ ಯಾವ ಊರಿಗೆ?" ಅಂತ ಕೇಳಿ, ಅಲ್ಲಿನ ಎಆರ್‌ಟಿ ಕೇಂದ್ರದ ವಿಳಾಸ, 1097 ಎಚ್‌ಐವಿ ಸಹಾಯವಾಣಿ ಎರಡನ್ನೂ ಅವರ ಪುಸ್ತಕದಲ್ಲಿ ಬರೆದುಕೊಡುತ್ತೇನೆ.