ಗ್ಯಾರೇಜಿನ ಆಯಿಲ್ ಮೋರಿಗೆ ಇಳಿಯದಂತೆ ನಾನು ಮಾಡಿದ್ದು

ಬೆಂಗಳೂರಿನ ಕೋರಮಂಗಲ ಕಡೆ ನನ್ನದೊಂದು ಕಾರ್ ಗ್ಯಾರೇಜ್ ಇದೆ. ಜೊತೆಗೆ ವಾಟರ್ ಸರ್ವೀಸೂ ಇದೆ. ಗೇಟಿನ ಮುಂದಿನ ಮೋರಿ ರಾಜಕಾಲುವೆ ಸೇರುತ್ತದೆ. ಅದು ಬೆಳ್ಳಂದೂರು ಕೆರೆಯ ದಾರಿ. ಅಲ್ಲಿಂದ ನೀರು ವರ್ತೂರು ಕೆರೆಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ, ಕೊನೆಗೆ ತಮಿಳುನಾಡಿಗೆ. ಮನೆಗಳ ಕೊಳಚೆ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪಿನಲ್ಲಿ ಹೋದರೆ ಶುದ್ಧೀಕರಣ ಘಟಕವಾದರೂ ಇದೆ. ಮೋರಿ ಇರುವುದು ಬರೀ ಮಳೆ ನೀರಿಗೆ. ಅದಕ್ಕೆ ಬಿದ್ದದ್ದು ಬಿದ್ದ ಹಾಗೇ ಕೆರೆಗೆ ಹೋಗುತ್ತದೆ.

2015ರಿಂದೀಚೆಗೆ ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಎಲ್ಲರೂ ನೋಡಿದ್ದಾರೆ. ಅದರಲ್ಲಿ ಊರಿನ ಕೊಳಚೆ ನೀರಿನ ಪಾಲೇ ದೊಡ್ಡದು, ನಿಜ. ಹಾಗಂತ ನಮ್ಮ ಪಾಲು ಇಲ್ಲ ಅನ್ನೋಕಾಗುತ್ತಾ? ಗ್ಯಾರೇಜಿನ ನೆಲದ ಮೇಲೆ ತಿಂಗಳುಗಟ್ಟಲೆ ಸೇರಿದ ಆಯಿಲ್, ಗ್ರೀಸ್, ಬ್ರೇಕಿನ ಪುಡಿ, ಎಲ್ಲವನ್ನೂ ಬೇಸಿಗೆಯ ಮೊದಲ ಮಳೆ ಒಂದೇ ಸಲ ತೊಳೆದುಕೊಂಡು ಹೋಗುತ್ತದೆ.

ಹಾಗಾಗಿ ನಾನು ಹಿಡಿದದ್ದು ಒಂದೇ ದಾರಿ. ಮಳೆ ನೀರು ಆಯಿಲನ್ನು ಮುಟ್ಟಬಾರದು. ಆಯಿಲ್ ಬದಲಿಸುವ ಜಾಗಕ್ಕೂ ತೊಳೆಯುವ ರ್ಯಾಂಪಿಗೂ ಶೀಟ್ ಹಾಕಿಸಿದೆ. ಶೀಟಿನ ನೀರು ಪೈಪಿನಲ್ಲಿ ಇಳಿದು ಡ್ರಮ್ಮಿಗೆ ಬರುತ್ತದೆ, ಅದನ್ನೇ ಕಾರು ತೊಳೆಯೋಕೆ ಬಳಸುತ್ತೇವೆ. ಶೆಡ್ಡಿನ ಸುತ್ತ ಕೈಬೆರಳುದ್ದ ಎತ್ತರದ ಸಿಮೆಂಟ್ ಉಬ್ಬು ಕಟ್ಟಿಸಿದೆ. ಹೊರಗಿನ ನೀರು ಒಳಗೆ ಬರಲ್ಲ, ಒಳಗಿನದು ಹೊರಗೆ ಹೋಗಲ್ಲ. ಇಡೀ ಕೆಲಸದಲ್ಲಿ ತುಂಬಾ ಕಡಿಮೆ ಖರ್ಚಿನದು ಈ ಉಬ್ಬು. ಉಪಯೋಗ ಮಾತ್ರ ಎಲ್ಲಕ್ಕಿಂತ ಜಾಸ್ತಿ.

ನೆಲಕ್ಕೆ ಆಯಿಲ್ ಚೆಲ್ಲಿದರೆ ಹುಡುಗರು ಈಗ ಪೈಪ್ ಹಿಡಿಯುವುದಿಲ್ಲ. ಮರದ ಪುಡಿ ಹಾಕಿ, ಅದು ಹೀರಿಕೊಂಡ ಮೇಲೆ ಗುಡಿಸಿ ಬೇರೆ ಡಬ್ಬಕ್ಕೆ ತುಂಬುತ್ತಾರೆ.

ರ್ಯಾಂಪಿನ ನೀರಿಗೆ ಮೂರು ಚೇಂಬರ್ ಕಟ್ಟಿಸಿದ್ದೇನೆ. ಮೊದಲನೆಯದರಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಎರಡನೆಯದರಲ್ಲಿ ಆಯಿಲ್ ಮೇಲೆ ತೇಲುತ್ತದೆ. ಗುಟ್ಟು ಇರುವುದು ಪೈಪಿನಲ್ಲಿ. ಒಂದು ಚೇಂಬರಿನಿಂದ ಇನ್ನೊಂದಕ್ಕೆ ಹೋಗುವ ಪೈಪಿಗೆ ಒಳಗಡೆ ಬೆಂಡ್ ಹಾಕಿ ಬಾಯಿ ಕೆಳಗೆ ಮಾಡಬೇಕು. ಆಗ ತಳದ ನೀರು ಮಾತ್ರ ಮುಂದೆ ಹೋಗುತ್ತದೆ, ಮೇಲಿನ ಆಯಿಲ್ ಅಲ್ಲೇ ಉಳಿಯುತ್ತದೆ. ಮೇಲೇ ಪೈಪ್ ಇಟ್ಟರೆ ಚೇಂಬರ್ ಕಟ್ಟಿಯೂ ಸುಮ್ನೆ. ಕೊನೆಯ ಚೇಂಬರನ್ನು ಅನುಮತಿ ಪಡೆದು ಯುಜಿಡಿಗೆ ಸೇರಿಸಿದ್ದೇನೆ, ಮೋರಿಗಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಶಾಂಪೂ ಬಿದ್ದರೆ ಆಯಿಲ್ ನೀರಿನೊಳಗೆ ಒಡೆದು ಬೆರೆತುಬಿಡುತ್ತದೆ. ಆಮೇಲೆ ಅದು ತೇಲುವುದೇ ಇಲ್ಲ, ಚೇಂಬರ್ ದಾಟಿ ಹೋಗುತ್ತದೆ. ಅದಕ್ಕೇ ಕಾರಿನ ತಳಭಾಗವನ್ನು ರ್ಯಾಂಪಿನಲ್ಲಿ ಬರೀ ನೀರಿನಲ್ಲೇ ತೊಳೆಯುತ್ತೇವೆ. ಶಾಂಪೂ ಕೆಲಸಕ್ಕೆ ಬೇರೆ ಜಾಗ, ಬೇರೆ ಪೈಪ್. ತಳಕ್ಕೆ ಡೀಸೆಲ್ ಸ್ಪ್ರೇ ಹೊಡೆಯುವುದನ್ನೂ ನಿಲ್ಲಿಸಿದ್ದೇನೆ. ಕೆಲವು ಗಿರಾಕಿಗಳು "ಹೊಳಪು ಬರಲ್ಲವಲ್ಲ ಸಾರ್" ಅಂತಾರೆ. ಆ ಡೀಸೆಲ್ ರಬ್ಬರ್ ಬುಶ್ ಹಾಳು ಮಾಡುತ್ತದೆ, ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ ಅಂತ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಸುಟ್ಟ ಆಯಿಲ್, ಅಂದರೆ ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್ ಬಗ್ಗೆ ನಾನು ಬಹಳ ಗಟ್ಟಿ. ಕಾಂಕ್ರೀಟ್ ಹಾಕುವ ಸೆಂಟ್ರಿಂಗ್ ಶೀಟಿಗೆ ಹಚ್ಚೋಕೆ, ಮರಕ್ಕೆ ಬಳಿಯೋಕೆ ಅಂತ ದುಡ್ಡು ಕೊಟ್ಟು ಒಯ್ಯುವವರು ದಿನಾ ಬರುತ್ತಾರೆ. ಕೊಡುವುದಿಲ್ಲ. ಹಚ್ಚಿದ್ದು ಮಳೆಗೆ ತೊಳೆದು ಮತ್ತೆ ಅದೇ ಮೋರಿಗೆ ಬರುತ್ತದೆ, ಅಲ್ವಾ? ಕೇಂದ್ರ ಸರ್ಕಾರದ 2016ರ ನಿಯಮದ ಪ್ರಕಾರ ಸುಟ್ಟ ಆಯಿಲ್ ಅಪಾಯಕಾರಿ ತ್ಯಾಜ್ಯ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇರುವವರಿಗೇ ಕೊಡಬೇಕು. ಮುಚ್ಚಳವಿರುವ ಡ್ರಮ್, ಕೆಳಗೊಂದು ಅಗಲವಾದ ಟ್ರೇ, ಮೇಲೆ ಸೂರು, ಜೊತೆಗೊಂದು ಲೆಕ್ಕದ ಪುಸ್ತಕ. ಚೇಂಬರಿನ ಕೆಸರು, ಆಯಿಲ್ ಹೀರಿದ ಮರದ ಪುಡಿ, ಹಳೇ ಫಿಲ್ಟರ್ ಇವೂ ಇದೇ ದಾರಿಯಲ್ಲಿ ಹೋಗಬೇಕು. ಪಕ್ಕದ ಖಾಲಿ ಸೈಟಿಗೆ ಎಸೆದರೆ ಮುಂದಿನ ಮಳೆಗೆ ಎಲ್ಲಿಗೆ ಬರುತ್ತದೆ ಅಂತ ಗೊತ್ತೇ ಇದೆ.

ಸಣ್ಣ ಗ್ಯಾರೇಜುಗಳ ಕಷ್ಟವೇನೆಂದರೆ ಒಂದು ಡ್ರಮ್ಮಿಗಾಗಿ ಗಾಡಿ ಬರುವುದಿಲ್ಲ. ನಮ್ಮ ಸಾಲಿನ ಗ್ಯಾರೇಜಿನವರೆಲ್ಲ ಮಾತಾಡಿಕೊಂಡು ಒಂದೇ ದಿನ ಗೊತ್ತು ಮಾಡಿದೆವು. ಗಾಡಿ ಬಂದು ಒಬ್ಬೊಬ್ಬರ ಹತ್ತಿರವೂ ಬೇರೆ ಬೇರೆ ರಸೀದಿ ಕೊಟ್ಟು ತುಂಬಿಕೊಂಡು ಹೋಗುತ್ತದೆ. ಈಗ ಅದೇ ಸಾಲಿನ ಪೇಂಟಿಂಗ್ ಅಂಗಡಿಯವರ ಜೊತೆ ಮಾತಾಡುತ್ತಿದ್ದೇನೆ. ಸ್ಪ್ರೇ ಗನ್ ತೊಳೆದ ಥಿನ್ನರನ್ನು ಮೋರಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಡೋಕೆ ಅವರೂ ಒಪ್ಪಿದ್ದಾರೆ.